ಭಾವನವರ ಪಿಕಪ್ಪಿನ ಬಗ್ಗೆ ನಾನು ಹೇಳಿದ್ದು

ಆ ವಿಡಿಯೊ ಹಾಕಿದ ಮರುದಿನದಿಂದ ನಮ್ಮ ಭಾವ ನನ್ನ ಜೊತೆ ಮಾತು ಬಿಟ್ಟರು. ಭಾವ ಅಂದರೆ ನನ್ನ ಗಂಡನ ಅಣ್ಣ. ಗಂಗಾವತಿ ಸೀಮೆಯ ನಮ್ಮ ಊರಲ್ಲಿ ಅವರ ಸಂಸಾರ, ನಮ್ಮ ಸಂಸಾರ ಬೇರೆಯಾಗಿ ವರ್ಷಗಳಾಗಿದ್ದರೂ ಅಂಗಳ ಒಂದೇ. ಒಲೆ ಬೇರೆ, ಬಾಗಿಲು ಬೇರೆ. ಆ ಅಂಗಳದಲ್ಲಿ ಎರಡು ಪಿಕಪ್ ಗಾಡಿಗಳು ನಿಲ್ಲುತ್ತಿದ್ದವು. ಹಳೆಯದನ್ನು ಓಡಿಸುವವಳು ನಾನು, ಹೊಸದು ಭಾವನವರದು. ಬೆಳಿಗ್ಗೆ ಗಾಡಿ ಒರೆಸುವಾಗ ಇಬ್ಬರೂ ಒಂದು ಮಾರು ದೂರದಲ್ಲಿ ಬೆನ್ನು ತಿರುಗಿಸಿಕೊಂಡು ನಿಲ್ಲುತ್ತಿದ್ದೆವು. ಅವರ ಬಕೆಟ್ಟಿನ ಸದ್ದು ನನಗೆ ಕೇಳುತ್ತಿತ್ತು, ನನ್ನದು ಅವರಿಗೆ. ಮಾತು ಮಾತ್ರ ಇರಲಿಲ್ಲ.

ಅದಕ್ಕೆ ಮುಂಚೆ ನಾವಿಬ್ಬರೂ ಆಡುತ್ತಿದ್ದುದೇ ಗಾಡಿಯ ಮಾತು. ನಮ್ಮ ಕಡೆ ಗಂಡನ ಅಣ್ಣನ ಎದುರು ಸೊಸೆಯಂದಿರು ಹೆಚ್ಚು ಮಾತಾಡುವುದಿಲ್ಲ. ಮನೆಯ ವಿಷಯ ಬಂದರೆ ನಾನೂ ಸೆರಗು ಸರಿಮಾಡಿಕೊಂಡು ಒಳಗೆ ಹೋಗುವವಳೇ. ಇಂಜಿನ್ನಿನ ವಿಷಯಕ್ಕೆ ಮಾತ್ರ ಆ ಕಟ್ಟು ಇರಲಿಲ್ಲ. ಯಾವ ಗಾಡಿಯ ಪಾಟಾ, ಅಂದರೆ ಹಿಂದಿನ ಅಚ್ಚಿನ ಮೇಲಿನ ಉಕ್ಕಿನ ಪಟ್ಟಿಗಳು, ಭತ್ತದ ಹೇರಿಗೆ ಬಗ್ಗುವುದಿಲ್ಲ. ಯಾವ ಇಂಜಿನ್ ಬೇಸಿಗೆಯಲ್ಲಿ ಕಾಯುತ್ತದೆ. ಯಾವುದಕ್ಕೆ ಓಟ ಹೆಚ್ಚು, ಯಾವುದಕ್ಕೆ ಎಳೆತ ಹೆಚ್ಚು. ಊಟ ಆರುವ ತನಕ ಈ ಚರ್ಚೆ ನಡೆಯುತ್ತಿತ್ತು. ನನ್ನ ನೆಗೆಣ್ಣಿ, ಅಂದರೆ ಭಾವನವರ ಹೆಂಡತಿ, ಇಬ್ಬರನ್ನೂ ಬೈದು ತಟ್ಟೆ ಎತ್ತುತ್ತಿದ್ದಳು.

ನನಗೆ ಈ ಹುಚ್ಚು ಹತ್ತಿದ್ದು ತವರಿನಲ್ಲಿ. ನನ್ನದು ಯಲಬುರ್ಗಾ ಕಡೆಯ ಊರು. ಅಪ್ಪ ಪಿಕಪ್ಪಿನಲ್ಲಿ ಕುರಿ ಸಾಗಿಸುತ್ತಿದ್ದ. ಸ್ಟೇರಿಂಗ್ ಕೊಡುವುದಕ್ಕೆ ಮುಂಚೆ ಅಪ್ಪ ನನ್ನನ್ನು ಹಿಂದೆ, ಕುರಿಗಳ ನಡುವೆ ನಿಲ್ಲಿಸಿ ಸಂತೆಯ ತನಕ ಕರೆದುಕೊಂಡು ಹೋದ. ಬ್ರೇಕ್ ಜೋರಾಗಿ ಹಾಕಿದಾಗ ಕುರಿಗಳೆಲ್ಲ ನನ್ನ ಮೊಣಕಾಲಿಗೆ ಬಂದು ಬಿದ್ದವು. ಇಳಿದ ಮೇಲೆ, ಹೇರಿಗೆ ಏನಾಗುತ್ತದೆ ಅನ್ನುವುದು ಮುಂದೆ ಕೂತವನಿಗೆ ಗೊತ್ತಿರಬೇಕು ಅಂದ. ಬೇರೆ ಪಾಠ ಏನೂ ಇರಲಿಲ್ಲ. ಉಳಿದದ್ದನ್ನು ಬಿತ್ತನೆಯಿಲ್ಲದ ಹೊಲಗಳಲ್ಲಿ ಓಡಿಸಿ ಓಡಿಸಿ ನಾನೇ ಕಲಿತೆ.

ಮದುವೆಯಾಗಿ ಈ ಕಾಲುವೆ ಸೀಮೆಗೆ ಬಂದಾಗ ಹಳೆಯ ಪಿಕಪ್ಪನ್ನು ಭಾವ ಓಡಿಸುತ್ತಿದ್ದರು. ನನ್ನ ಗಂಡ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಕಂಬ ಹತ್ತುತ್ತಾರೆ, ಗಾಡಿಯ ಗೊಡವೆ ಅವರಿಗಿಲ್ಲ. ಭಾವನಿಗೆ ಜ್ವರ ಬಂದ ಒಂದು ದಿನ ಆನೆಗೊಂದಿಯ ತೋಟದಿಂದ ಬಾಳೆಗೊನೆ ತರಲೇಬೇಕಾಗಿತ್ತು. ನಾನು ಹೋಗಿ ತಂದೆ. ಗೊನೆಗಳ ತುದಿ ಕೂಡ ಕಪ್ಪಾಗಿರಲಿಲ್ಲ. ಭಾವ ಹಾಸಿಗೆಯಿಂದಲೇ ಎದ್ದು ಬಂದು ಗೊನೆಗಳನ್ನು ತಿರುವಿ ತಿರುವಿ ನೋಡಿದರು. ಆಮೇಲೆ ಆ ಗಾಡಿಯ ಕೀಲಿ ನಿಧಾನವಾಗಿ ನನ್ನ ಕೈಗೆ ಬಂತು.

ವಿಡಿಯೊ ಶುರುವಾದದ್ದೂ ಬಾಳೆಗೊನೆಯಿಂದಲೇ. ಕುಷ್ಟಗಿಯಲ್ಲಿ ಹೇರು ಇಳಿಸುವಾಗ ಹೆಂಗಸು ಪಿಕಪ್ ತಂದಿದ್ದಾಳೆ ಎಂದು ಜನ ಸುತ್ತುವರಿದರು. ಮೈಲೇಜ್ ಎಷ್ಟು, ಏರಿಗೆ ಹೇಗೆ, ಕ್ಲಚ್ ಎಷ್ಟು ದಿನ ಬಾಳಿಕೆ ಬಂತು ಎಂದು ಕೇಳಿದರು. ನಾನು ಹೇಳುತ್ತಾ ಹೋದೆ. ರಜೆಯೆಂದು ಜೊತೆಗೆ ಬಂದಿದ್ದ ನನ್ನ ಗಂಡ ಅದನ್ನು ಮೊಬೈಲಿನಲ್ಲಿ ಹಿಡಿದು ಹಾಕಿಬಿಟ್ಟರು. ಆಮೇಲೆ ಬೇರೆ ಬೇರೆ ಊರಿನವರು ತಮ್ಮ ಗಾಡಿ ತಂದು, ಇದನ್ನೂ ಓಡಿಸಿ ಹೇಳ್ರಿ ಅನ್ನತೊಡಗಿದರು. ಇಂಟರ್ನೆಟ್ಟಿನಲ್ಲಿ ಗಾಡಿ ವಿಮರ್ಶೆ ಮಾಡುವವರಿಗೇನೂ ಕೊರತೆಯಿರಲಿಲ್ಲ. ಆದರೆ ಅವರಲ್ಲಿ ಬಹಳ ಜನ ಖಾಲಿ ಪಿಕಪ್ಪನ್ನು ಹೆದ್ದಾರಿಯಲ್ಲಿ ಓಡಿಸಿ, ಸೀಟಿನ ಬಣ್ಣ ತೋರಿಸಿ, ಹಾಡು ಹಚ್ಚಿ ಮುಗಿಸುತ್ತಿದ್ದರು. ನಾನು ಹೇರು ಹಾಕದೆ ಯಾವ ಗಾಡಿಯ ಬಗ್ಗೆಯೂ ಬಾಯಿ ಬಿಡುತ್ತಿರಲಿಲ್ಲ. ನಮ್ಮ ಜಿಲ್ಲೆಯ ಪಿಕಪ್ ಮಾಲೀಕರದೊಂದು ವಾಟ್ಸಾಪ್ ಗುಂಪಿದೆ. ಅದರಲ್ಲಿ ಹಳೆಯ ಇಂಜಿನ್ನಿನವರು, ಹೊಸ ಟರ್ಬೊ ಇಂಜಿನ್ನಿನವರು ಎಂದು ಎರಡು ಪಕ್ಷ. ಚುನಾವಣೆಯಲ್ಲಿ ಒಂದೇ ಕಡೆ ಇದ್ದವರು ಇಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಭಾವ ಹೊಸ ಗಾಡಿ ತಂದಾಗ ತಾವೇ ನನ್ನನ್ನು ಕರೆದು ಕೀಲಿ ಕೊಟ್ಟರು. "ಇದರ ಬಗ್ಗೆ ನೀನ ಹೇಳಬೇಕು ನೋಡವಾ. ಮಂದಿ ನಿನ್ನ ಮಾತು ನಂಬ್ತಾರ," ಅಂದರು. ಆ ಗಾಡಿಯನ್ನು ಆರಿಸಲು ಅವರು ಎಷ್ಟು ಶೋರೂಮು ಅಲೆದಿದ್ದರು, ಎಷ್ಟು ಮಂದಿಯನ್ನು ಕೇಳಿದ್ದರು ಎಂದು ನನಗೆ ಗೊತ್ತಿತ್ತು. ಚಹಾದಂಗಡಿಯಲ್ಲಿ ಅವರ ಮಾತು ಕೇಳಿ ಇನ್ನಿಬ್ಬರು ಅದೇ ಗಾಡಿ ಬುಕ್ ಮಾಡಿದ್ದರು. ಗುಂಪಿನಲ್ಲಿ ಟರ್ಬೊ ಪಕ್ಷಕ್ಕೆ ಅವರೇ ಮುಂದಾಳು.

ನಾನು ಓಡಿಸಿದೆ. ಸುಳ್ಳೇಕೆ ಹೇಳಲಿ, ಕುಷ್ಟಗಿಯ ಹೆದ್ದಾರಿಯಲ್ಲಿ ಅದು ಹೋದ ಚೆಂದಕ್ಕೆ ನನಗೇ ಹೊಟ್ಟೆಕಿಚ್ಚಾಯಿತು. ಸದ್ದಿಲ್ಲ, ನಡುಕವಿಲ್ಲ, ಒಂದು ಕೈಯಲ್ಲಿ ತಿರುಗುವ ಸ್ಟೇರಿಂಗ್. ಹಳೆಯ ಗಾಡಿಯಿಂದ ಇಳಿದರೆ ಸೊಂಟ ಹಿಡಿದುಕೊಳ್ಳುವ ನಾನು ಇದರಿಂದ ಇಳಿದು ನೇರ ನಿಂತೆ. ಆದರೆ ತೋಟದ ಏರಿಗೆ ಬಂದಾಗ ಬೇರೆ ಕಥೆ ಆಯಿತು. ಆನೆಗೊಂದಿ ಕಡೆಯ ತೋಟಗಳು ಕಾಲುವೆಯ ದಂಡೆಗಿಂತ ಬಹಳ ಕೆಳಗಿವೆ. ತುಂಬಿದ ಗಾಡಿ ಮೇಲಿನ ರಸ್ತೆಗೆ ಬರಬೇಕಾದರೆ ಗಿಡ್ಡನೆಯ, ಕಡಿದಾದ ಏರು ಹತ್ತಬೇಕು. ನಡುವೆ ಎದುರು ಗಾಡಿಗೋ ಎಮ್ಮೆಗೋ ನಿಲ್ಲುವುದು ತಪ್ಪದು. ಹಾಗೆ ನಿಂತು ಮತ್ತೆ ಎತ್ತುವಾಗ ಹೊಸ ಗಾಡಿಯ ಮೊದಲನೆಯ ಗೇರಿಗೆ ಬೇಕಾದಷ್ಟು ಎಳೆತ ಇರಲಿಲ್ಲ. ಇಂಜಿನ್ನಿಗೆ ಶಕ್ತಿ ಇತ್ತು, ಆದರೆ ಅದು ಮೇಲೆ ಮೇಲೆ, ವೇಗ ಬಂದ ಮೇಲೆ ಬರುವ ಶಕ್ತಿ. ಕ್ಲಚ್ಚನ್ನು ಅರ್ಧ ಒತ್ತಿಹಿಡಿದು ಇಂಜಿನ್ ಅರಚಿಸಿದರೆ ಮಾತ್ರ ಗಾಡಿ ಅಲುಗುತ್ತಿತ್ತು. ಎರಡು ಮೂರು ಸಲ ಹೀಗಾದರೆ ರಬ್ಬರ್ ಸುಟ್ಟಂಥ ವಾಸನೆ. ಹ್ಯಾಂಡ್ ಬ್ರೇಕ್ ಕೂಡ ಹೇರನ್ನು ಪೂರ್ತಿ ಹಿಡಿಯುತ್ತಿರಲಿಲ್ಲ.

ಭಾವನಿಗೆ ಮೊದಲೇ ಹೇಳಿದೆ. ಹೊಸ ಕ್ಲಚ್, ಹೊಂದಿಕೊಳ್ಳುವ ತನಕ ಹಾಗೇ ಇರುತ್ತದೆ ಅಂದರು. ಮತ್ತೆ ಕೆಲವು ದಿನ ಓಡಿಸಿದೆ, ವಾಸನೆ ಹೋಗಲಿಲ್ಲ. ಕೊನೆಗೆ ವಿಡಿಯೊದಲ್ಲಿ ಮುಕ್ಕಾಲು ಪಾಲು ಅದರ ಗುಣವನ್ನೇ ಹೇಳಿ, ಕೊನೆಯಲ್ಲಿ ಒಂದು ಮಾತು ಸೇರಿಸಿದೆ: ಬಯಲಿಗೆ, ಹೆದ್ದಾರಿಗೆ ಇದು ಛಲೋ ಗಾಡಿ, ಕಾಲುವೆ ಏರಿಗೆ, ತುಂಬಿದ ಹೇರಿನ ಮೇಲೆ ಇದನ್ನು ನಂಬಬೇಡಿ.

ಯಾರೋ ಆ ಕೊನೆಯ ತುಣುಕನ್ನಷ್ಟೇ ಕತ್ತರಿಸಿ ಗುಂಪಿಗೆ ಹಾಕಿದರು. ಅದು ಎಲ್ಲೆಲ್ಲಿಗೋ ಹೋಯಿತು. ಗಾಡಿ ಓಡಿಸಲು ಬಾರದ ಹೆಣ್ಣಿಗೆ ಕ್ಲಚ್ಚಿನ ವಿಷಯ ಏನು ಗೊತ್ತು ಎಂದು ಬರೆದವರು ಬಹಳ. ಪೈಪೋಟಿಯ ಕಂಪನಿಯವರು ನನಗೇನೋ ಕೊಟ್ಟಿದ್ದಾರೆ ಎಂದವರೂ ಇದ್ದರು. ಅದನ್ನೆಲ್ಲ ಓದಿ ಮೊಬೈಲ್ ಕೆಳಗಿಡಬಹುದಿತ್ತು. ಆದರೆ ಭಾವನವರಿಗೆ ಊರಲ್ಲಿ ತಲೆ ಎತ್ತಿ ಓಡಾಡುವುದು ಕಷ್ಟವಾಯಿತು. ಬುಕ್ ಮಾಡಿದ ಇಬ್ಬರೂ ಬಂದು ನಿನ್ನ ತಮ್ಮನ ಹೆಂಡತಿಯೇ ಹೀಗೆ ಅಂತಾಳಲ್ಲ ಎಂದರಂತೆ. ಭಾವ ಮನೆಗೆ ಬಂದವರೇ ನನ್ನ ಬಾಗಿಲ ಮುಂದೆ ನಿಂತು, ಹೊಸ ಗಾಡಿಯ ಕೀಲಿ ಕೊಡು ಎಂದು ಕೈ ಚಾಚಿದರು. ನಾನು ಕೊಟ್ಟೆ. ಅಷ್ಟೇ. ಮಾತು ನಿಂತದ್ದು ಅಲ್ಲಿಗೆ.

ಕೆಲವು ದಿನಗಳ ಮೇಲೆ ಕೊಪ್ಪಳದಿಂದ ಶೋರೂಮಿನ ಮ್ಯಾನೇಜರ್ ಮನೆಗೇ ಬಂದರು. ಜಗಳಕ್ಕೆ ಬಂದಿದ್ದಾರೆಂದು ನಾನು ಬಾಗಿಲಲ್ಲೇ ಬಿಗಿಯಾಗಿ ನಿಂತಿದ್ದೆ. ಆದರೆ ಅವರು ಚಪ್ಪಲಿ ಬಿಟ್ಟು ಒಳಗೆ ಬಂದು, ನೀರು ಕುಡಿದು, ಮೆತ್ತಗೆ ಮಾತಾಡಿದರು. ನಡುವಯಸ್ಸಿನ, ದಣಿದ ಮುಖದ ಮನುಷ್ಯ. ಗಾಡಿಗೆ ಇಷ್ಟು ಹೇರು ಎಂದು ಕಂಪನಿ ಹೇಳಿದೆ, ನಮ್ಮ ಜನ ಅದಕ್ಕಿಂತ ಹೆಚ್ಚು ತುಂಬುತ್ತಾರೆ, ನೀವೂ ತುಂಬಿರಬೇಕು, ಅದನ್ನು ಹೇಳದೆ ಗಾಡಿಯ ಮೇಲೆ ತಪ್ಪು ಹೊರಿಸಿದರೆ ಹೇಗೆ ಎಂದು ಕೇಳಿದರು. ನಾನು ತೂಕ ಮಾಡಿಸಿಯೇ ಹೇರಿದ್ದೆ ಅಂದೆ. ಅವರು ತಲೆಯಾಡಿಸಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ವಿಡಿಯೊ ತೆಗೆಯಲು ಆಗುತ್ತದೆಯೇ ಎಂದರು.

ಭಾವ ಅಷ್ಟರಲ್ಲಿ ಪಡಸಾಲೆಗೆ ಬಂದು ಕಂಬಕ್ಕೊರಗಿ ನಿಂತಿದ್ದರು. ನನ್ನ ಕಡೆ ನೋಡದೆ ಮ್ಯಾನೇಜರಿಗೆ ಹೇಳಿದರು: "ವಿಡಿಯೊ ತಗಸೋದು ಬ್ಯಾಡ್ರಿ. ಎಲ್ಲಾರ ಮುಂದ ಅದ ಏರಿಗೆ, ಕಾಟಾ ಮಾಡಿಸಿದ ಹೇರು ಹಾಕಿ ನಾನ ಹತ್ತಸ್ತೀನಿ. ಹತ್ತಿದ್ರ ಅವರ ಇನ್ನೊಂದು ವಿಡಿಯೊ ಮಾಡ್ಲಿ. ಹತ್ತಲಿಲ್ಲಂದ್ರ ನಾನ ಮಾಡ್ತೀನಿ."

ಕಾಟಾ ಅಂದರೆ ಗಾಡಿಯನ್ನೇ ನಿಲ್ಲಿಸಿ ತೂಗುವ ತೂಕದ ಯಂತ್ರ. 'ಅವರು' ಅಂದದ್ದು ನನಗೆ. ಅಲ್ಲಿಯತನಕ ನಾನು ಅವರ ಬಾಯಲ್ಲಿ 'ನೀನು', 'ನೋಡವಾ', 'ತಂಗಿ' ಆಗಿದ್ದೆ. ಒಂದೇ ಅಂಗಳದಲ್ಲಿ ಇದ್ದುಕೊಂಡು ಬಹುವಚನ ಆಗಿಬಿಟ್ಟದ್ದು ನನಗೆ ಉಳಿದೆಲ್ಲ ಬೈಗುಳಗಳಿಗಿಂತ ಹೆಚ್ಚು ಚುಚ್ಚಿತು.

ಸುದ್ದಿ ಗುಂಪಿಗೆ ಹೋಯಿತು. ಕನಕಗಿರಿಯವರು, ಕುಷ್ಟಗಿಯವರು, ಯಲಬುರ್ಗಾದವರು, ಎಲ್ಲರೂ ಬರುತ್ತೇವೆಂದರು. ಗಾಡಿ ಹತ್ತಿದರೆ ನನ್ನ ಮಾತಿಗೆ ಇನ್ನು ಬೆಲೆಯಿಲ್ಲ. ಹತ್ತದಿದ್ದರೆ ಭಾವನವರು ಜಿಲ್ಲೆಯ ಜನರೆದುರು ಸಣ್ಣವರಾಗುತ್ತಾರೆ. ಅದಕ್ಕಿಂತ ದೊಡ್ಡ ಹೆದರಿಕೆಯೊಂದು ಇತ್ತು. ಹತ್ತದ ಗಾಡಿ ಸುಮ್ಮನೆ ನಿಲ್ಲುವುದಿಲ್ಲ, ಹಿಂದಕ್ಕೆ ಬರುತ್ತದೆ. ಅದನ್ನು ಗಂಡನಿಗೆ ಹೇಳಿದೆ. "ಅಣ್ಣ ಈಗ ಯಾರ ಮಾತೂ ಕೇಳಂಗಿಲ್ಲ. ನಾ ಹೇಳಿದ್ರ ನೀ ಹೇಳಿಕೊಟ್ಟೀ ಅಂತಾನ," ಅಂದರು. ಅದೂ ನಿಜವೇ. ನೆಗೆಣ್ಣಿ ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತಾ ನನ್ನ ಮುಖ ನೋಡದೆ, ನಿನ್ನ ಭಾವ ಸರಿಯಾಗಿ ಉಂಡು ಎಷ್ಟು ದಿನವಾಯಿತು ಗೊತ್ತೇ ಎಂದು ಕೇಳಿದಳು. ನಾನು ಹಿಟ್ಟಿನ ಡಬ್ಬಿ ಅವಳ ಹತ್ತಿರ ಸರಿಸಿ ಎದ್ದು ಬಂದೆ.

ಆ ದಿನ ಬೆಳಿಗ್ಗೆ ಗಂಗಾವತಿಯ ಕಾಟಾದಲ್ಲಿ ಭತ್ತದ ಚೀಲಗಳನ್ನು ಹೇರಿ ತೂಗಿದರು. ಮ್ಯಾನೇಜರ್ ನೋಡಿದರು, ಗುಂಪಿನವರು ನೋಡಿದರು, ನಾನೂ ನೋಡಿದೆ. ಕಂಪನಿ ಹೇಳಿದ ಹೇರಿಗಿಂತ ಒಂದು ಚೀಲವೂ ಹೆಚ್ಚಿಲ್ಲ. ಅಲ್ಲಿಂದ ಗಾಡಿಗಳ ಸಾಲೇ ಆನೆಗೊಂದಿಯ ಕಡೆ ಹೊರಟಿತು. ನಾನು ಹಳೆಯ ಪಿಕಪ್ಪಿನಲ್ಲಿ ಗಂಡನನ್ನು ಕೂರಿಸಿಕೊಂಡು ಎಲ್ಲರಿಗಿಂತ ಹಿಂದೆ ಹೋದೆ.

ದಂಡೆಯ ಮೇಲೆ ಗಾಡಿ ನಿಲ್ಲಿಸಿ ಏರಿಗೆ ಇಳಿದು ನೋಡಿದೆ. ತೋಟದ ಮಾಲೀಕ, ಪಕ್ಕದ ಕ್ಯಾಂಪಿನ, ಅಂದರೆ ಆಂಧ್ರದಿಂದ ಬಂದು ನೆಲೆಸಿದವರ ಊರಿನ ರೈತ, ಜನ ಬರುತ್ತಾರೆಂದು ಒಳ್ಳೆಯ ಮನಸ್ಸಿನಿಂದ ದಾರಿಗೆ ಹೊಸ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣು, ಸುರಿಸಿದ್ದ. ಕೆಂಪು ಗರಸು ಇನ್ನೂ ಕೂತಿರಲಿಲ್ಲ, ಕಾಲಿಟ್ಟರೆ ಜಾರುತ್ತಿತ್ತು. ಏರಿನ ಬುಡದಲ್ಲಿ ಒಂದು ಕಿರುಗಾಲುವೆ, ಅದರ ಮೇಲೆ ಗಿಡ್ಡ ಸೇತುವೆ. ಆ ಸೇತುವೆಯ ಕಟ್ಟೆಯ ಮೇಲೆಯೇ ಜನ ಸಾಲಾಗಿ ಕೂತಿದ್ದರು, ಅಲ್ಲಿಂದ ಚೆನ್ನಾಗಿ ಕಾಣುತ್ತದೆಂದು. ಗಾಡಿ ಹಿಂದೆ ಬಂದರೆ ಬರುವ ಜಾಗ ಅದೇ.

ಮೊದಲನೆಯ ಸಲ ಭಾವ ಏರಿನ ನಡುವೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಮತ್ತೆ ಎತ್ತಿದರು. ಇಂಜಿನ್ ಒಮ್ಮೆ ಕೂಗಿ ಗಾಡಿ ಮೇಲೆ ಬಂತು. ಟರ್ಬೊ ಪಕ್ಷದವರು ಶಿಳ್ಳೆ ಹೊಡೆದರು. ಯಾರೋ ನನ್ನ ಕಡೆ ನೋಡಿ ನಕ್ಕರು. ಮ್ಯಾನೇಜರ್ ಮಾತ್ರ ನಗಲಿಲ್ಲ. ಮೂರು ಸಲ ಎಂದು ಮಾತಾಗಿತ್ತು.

ಎರಡನೆಯ ಸಲ ಗಾಡಿ ಹತ್ತುವ ಮುಂಚೆ ಸ್ವಲ್ಪ ಹಿಂದಕ್ಕೆ ಜಾರಿತು. ಒಂದು ಮೊಳ ಇರಬಹುದು. ಆಮೇಲೆ ಕ್ಲಚ್ ಅರಚಿ, ಗರಸು ಹಾರಿ, ನಿಧಾನಕ್ಕೆ ಮೇಲೆ ಬಂತು. ಆ ವಾಸನೆ ದಂಡೆಯ ತನಕ ಬಂತು. ಶಿಳ್ಳೆ ಈ ಸಲ ಕಡಿಮೆ. ನಾನು ಸೇತುವೆಗೆ ಓಡಿದೆ.

"ಇಲ್ಲಿ ಕುಂದ್ರಬ್ಯಾಡ್ರಿ. ಎಲ್ಲಾರೂ ದಂಡಿ ಮ್ಯಾಲ ಹೋಗ್ರಿ," ಅಂದೆ. ಯಾರೂ ಏಳಲಿಲ್ಲ. ಸೋಲುತ್ತೇನೆಂದು ಆಟ ಕೆಡಿಸಲು ಬಂದಿದ್ದೇನೆ ಎಂದು ಒಬ್ಬ ಅಂದ. ಇನ್ನೊಬ್ಬ ಮೊಬೈಲ್ ಅಡ್ಡ ಬರಬೇಡಿ ಅಂದ. ನಾನು ಅಷ್ಟು ಗಂಡಸರ ಎದುರು ಯಾವತ್ತೂ ದನಿ ಏರಿಸಿದವಳಲ್ಲ. ಅವತ್ತು ಒಬ್ಬನ ತೋಳು ಹಿಡಿದು ಎಳೆದೇ ಎಬ್ಬಿಸಿದೆ. ಇನ್ನೊಬ್ಬನ ಟವೆಲ್ ಎಳೆದೆ. ಅವರು ಬೈದರು, ನಾನೂ ಬೈದೆ. ಕೊನೆಗೆ ಮ್ಯಾನೇಜರ್ ಕೆಳಗಿಳಿದು ಬಂದು, ಅವರು ಹೇಳುತ್ತಿರುವುದು ಸರಿ, ಏಳಿ ಅಂದ ಮೇಲೆ ಗೊಣಗುತ್ತ ಎದ್ದರು. ಸೇತುವೆ ಖಾಲಿಯಾಯಿತು.

ಭಾವ ಗಾಡಿಯನ್ನು ಬುಡಕ್ಕೆ ತಂದು ನಿಲ್ಲಿಸಿದ್ದರು. ನಾನು ಅವರ ಕಿಟಕಿಯ ಹತ್ತಿರ ಹೋದೆ. ಹಣೆಯ ಮೇಲೆ ಬೆವರಿತ್ತು. ಕ್ಲಚ್ ಸೋಲುತ್ತಿರುವುದು ಅವರಿಗೂ ಗೊತ್ತಾಗಿತ್ತು, ನನಗೆ ಕಂಡಿತು.

"ಸಾಕ್ರಿ ಭಾವಾರ. ಇಷ್ಟಕ್ಕ ಬಿಡ್ರಿ. ನಾ ವಿಡಿಯೊ ತಗಸ್ತೀನಿ."

ಅವರು ರಸ್ತೆಯನ್ನೇ ನೋಡುತ್ತಿದ್ದರು. ಆಮೇಲೆ, ಆ ವಿಡಿಯೊದ ನಂತರ ಮೊದಲ ಸಲ, ನನಗೇ ಹೇಳಿದರು: "ನಿಂದು ಸುಳ್ಳಂದ್ರ ತಗಸು. ಖರೇ ಅಂದ್ರ ಯಾಕ ತಗಸ್ತಿ?"

ನಾನು ಸುತ್ತಿ ಹೋಗಿ ಆ ಕಡೆಯ ಬಾಗಿಲು ತೆಗೆದು ಒಳಗೆ ಕೂತೆ. ಏಕೆ ಕೂತೆನೆಂದು ಈಗಲೂ ಸರಿಯಾಗಿ ಹೇಳಲಾರೆ. ಒಬ್ಬರನ್ನೇ ಕಳಿಸಲು ಮನಸ್ಸಾಗಲಿಲ್ಲ, ಅಷ್ಟೇ ಇರಬೇಕು. "ಇಳಿ ತೆಳಗ," ಅಂದರು. ನಾನು ಇಳಿಯಲಿಲ್ಲ. ಅವರು ಗೇರ್ ಹಾಕಿದರು.

ಏರಿನ ನಡುವೆ ನಿಂತಾಗಲೇ ಹ್ಯಾಂಡ್ ಬ್ರೇಕ್ ಹೇರಿನ ಭಾರಕ್ಕೆ ಕಿರ್ ಅನ್ನುತ್ತಿತ್ತು. ಭಾವ ಇಂಜಿನ್ ಏರಿಸಿ, ಬ್ರೇಕ್ ಬಿಟ್ಟು, ಕ್ಲಚ್ ಬಿಡತೊಡಗಿದರು. ಇಂಜಿನ್ ಕೂಗಿತು, ಗಾಡಿ ಅಲುಗಲಿಲ್ಲ. ಇನ್ನೂ ಏರಿಸಿದರು. ಕ್ಯಾಬಿನ್ನಿನೊಳಗೆ ಹೊಗೆಯ ಕಮಟು. ಕ್ಲಚ್ ಪೂರ್ತಿ ಬಿಟ್ಟಿದ್ದರೂ ಇಂಜಿನ್ ತನ್ನಷ್ಟಕ್ಕೆ ತಿರುಗುತ್ತಿತ್ತು, ಚಕ್ರಗಳಿಗೆ ಅದರ ಸುದ್ದಿಯೇ ಮುಟ್ಟಲಿಲ್ಲ. ಆಮೇಲೆ ಮುಂದಿನ ಗಾಜಿನಲ್ಲಿ ದಂಡೆಯ ಮೇಲಿನ ಜನ ಸಣ್ಣಗಾಗತೊಡಗಿದರು. ನಾವು ಹಿಂದಕ್ಕೆ ಹೋಗುತ್ತಿದ್ದೆವು.

ಭಾವ ಕಾಲು ಬ್ರೇಕ್ ತುಳಿದರು. ಅಷ್ಟರಲ್ಲಿ ಕ್ಲಚ್ ಒಮ್ಮೆ ಫಕ್ಕನೆ ಹಿಡಿದು ಇಂಜಿನ್ ಬಂದ್ ಆಯಿತು. ಇಂಜಿನ್ ಬಂದ್ ಆದರೆ ಬ್ರೇಕಿಗೆ ಸಿಗುವ ಸಹಾಯವೂ ಹೋಗುತ್ತದೆ. ಅವರು ಗಾಬರಿಯಲ್ಲಿ ಮತ್ತೆ ಮತ್ತೆ ತುಳಿದಂತೆ ಪೆಡಲ್ ಕಲ್ಲಾಯಿತು. ನಾನು ಎರಡೂ ಕೈಯಿಂದ ಹ್ಯಾಂಡ್ ಬ್ರೇಕ್ ಜಗ್ಗಿದೆ. ಚಕ್ರಗಳು ನಿಂತವು, ಗಾಡಿ ನಿಲ್ಲಲಿಲ್ಲ. ನಿಂತ ಚಕ್ರಗಳ ಮೇಲೆಯೇ ಗರಸಿನಲ್ಲಿ ಜಾರಿತು. ಹಿಂದೆ ಚೀಲಗಳು ಉರುಳುವ ಸದ್ದು. ಕನ್ನಡಿಯಲ್ಲಿ ಸೇತುವೆಯ ಕಟ್ಟೆ ದೊಡ್ಡದಾಗುತ್ತಾ ಬಂತು. "ಜಿಗಿ, ಜಿಗಿ ತಂಗಿ," ಎಂದು ಭಾವ ಅಂದದ್ದು ಕೇಳಿಸಿತು. ಬಾಗಿಲು ತೆಗೆಯಲು ಕೈ ಬರಲಿಲ್ಲ.

ಆಗ ಕನ್ನಡಿಯಲ್ಲಿ ಬಿಳಿ ಅಂಗಿಯೊಂದು ಕಂಡಿತು. ಮ್ಯಾನೇಜರ್. ತೋಟದ ಬೇಲಿಗೆ ಪೇರಿಸಿದ್ದ ಕಲ್ಲುಗಳಲ್ಲಿ ಒಂದನ್ನು ಹೊಟ್ಟೆಗೆ ಅವಚಿಕೊಂಡು ಓಡಿಬರುತ್ತಿದ್ದರು. ಚಕ್ರದ ಹಿಂದೆ ಅದನ್ನು ಒಗೆದರು. ಒಗೆಯಲಿಲ್ಲ, ಬಗ್ಗಿ ಇಟ್ಟರು. ಗಾಡಿ ಅದರ ಮೇಲೆ ಕೂತು, ಒಂದು ಕಡೆ ವಾಲಿ, ಇನ್ನೇನು ಮಗುಚಿತು ಅನ್ನುವಷ್ಟರಲ್ಲಿ ನಿಂತಿತು. ಹಿಂದಿನ ಬಾಗಿಲು ಕಿತ್ತು ಚೀಲಗಳು ಖಾಲಿ ಸೇತುವೆಯ ಕಟ್ಟೆಯ ಮೇಲೆ, ಅಲ್ಲಿಂದ ನೀರಿಗೆ ಬಿದ್ದವು. ಸ್ವಲ್ಪ ಮುಂಚೆ ಜನ ಕೂತಿದ್ದ ಜಾಗ.

ನೀರಿನಲ್ಲಿ ಚೀಲ ಮುಳುಗುವ ಸದ್ದಷ್ಟೇ. ಆಮೇಲೆ ಮ್ಯಾನೇಜರ್ ನೆಲದ ಮೇಲೆ ಕೂತು ತಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿರುವುದು ಕಂಡಿತು. ಕಲ್ಲಿಗೂ ಚಕ್ರಕ್ಕೂ ನಡುವೆ ಬೆರಳು ಸಿಕ್ಕಿತ್ತು.

ಭಾವ ಇಳಿದು ಬಂದು ತಮ್ಮ ಟವೆಲ್ಲನ್ನು ಅವರ ಕೈಗೆ ಸುತ್ತಿದರು. ದಂಡೆಯ ಮೇಲೆ ನಿಂತಿದ್ದ ನನ್ನ ಹಳೆಯ ಪಿಕಪ್ಪಿನಲ್ಲಿ ಇಬ್ಬರನ್ನೂ ಕೂರಿಸಿಕೊಂಡು ಗಂಗಾವತಿಯ ಆಸ್ಪತ್ರೆಗೆ ಹೊರಟೆ. ಗಂಡ ಹಿಂದೆ, ಹೇರು ಹಾಕುವ ಜಾಗದಲ್ಲಿ ನಿಂತಿದ್ದರು. ಭಾವ ನಡುವೆ ಕೂತು ಮ್ಯಾನೇಜರ್ ಕೈಯನ್ನು ತಮ್ಮ ತೊಡೆಯ ಮೇಲೆ ಎತ್ತಿ ಹಿಡಿದಿದ್ದರು. ಟವೆಲ್ ಕೆಂಪಾಗುತ್ತಿತ್ತು. ಅರ್ಧ ದಾರಿಯಲ್ಲಿ ಮ್ಯಾನೇಜರ್ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಮೇಡಂ, ವಿಡಿಯೊ ಇರ್ಲಿ ಬಿಡ್ರಿ. ನಾ ಬಂದು ಕೇಳಿದ್ದು ಮರ್ತುಬಿಡ್ರಿ."

ಎರಡು ಬೆರಳಿನ ಮೂಳೆ ಮುರಿದಿತ್ತು. ಕೂಡಿಕೊಂಡಿತು, ಆದರೆ ಒಂದು ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ.

ಅವತ್ತಿನ ಮೂರನೆಯ ಏರಿನ ಸರಿಯಾದ ವಿಡಿಯೊ ಯಾರ ಹತ್ತಿರವೂ ಇಲ್ಲ. ಗಾಡಿ ಹಿಂದೆ ಜಾರಿದ ಕೂಡಲೇ ನನ್ನ ಗಂಡ ಮೊಬೈಲ್ ಬಿಸಾಕಿ ಓಡಿದ್ದರು. ಉಳಿದವರ ಮೊಬೈಲಿನಲ್ಲಿ ಕೆಂಪು ಧೂಳು, ಅದರೊಳಗೊಂದು ಕೂಗು. ಹೀಗಾಗಿ ಸಂಜೆಗೇ ಗುಂಪಿನಲ್ಲಿ ವಾದ ಶುರುವಾಯಿತು. ಗರಸು ಜಾರಿತು ಅಂದರು ಕೆಲವರು. ಓಡಿಸಿದವನ ತಪ್ಪು ಅಂದರು ಇನ್ನು ಕೆಲವರು, ಬ್ರೇಕನ್ನು ಹಾಗೆ ಮತ್ತೆ ಮತ್ತೆ ತುಳಿಯಬಾರದಿತ್ತು ಎಂದು. ಗರಸಿನದೂ ಪಾಲಿತ್ತು, ಇಲ್ಲವೆನ್ನಲಾರೆ. ಗಟ್ಟಿ ನೆಲವಾಗಿದ್ದರೆ ನಿಂತ ಚಕ್ರ ಅಷ್ಟು ಜಾರುತ್ತಿರಲಿಲ್ಲ. ಆದರೆ ಹತ್ತದೆ ಹೋದದ್ದು ಕ್ಲಚ್ಚಿನಿಂದ. ಬರೆಯಬೇಕೆಂದು ಮೊಬೈಲ್ ಎತ್ತಿಕೊಂಡೆ, ಬರೆಯಲಾಗಲಿಲ್ಲ. ಓಡಿಸಿದವರ ಹೆಸರು ಕೆಡಿಸಿ ನನ್ನ ಮಾತು ಉಳಿಸಿಕೊಂಡಂತೆ ಕಾಣುತ್ತದೆ ಅನ್ನಿಸಿತು.

ಆಗ ಭಾವನವರ ದನಿಯ ಸಂದೇಶ ಬಂತು. ಅವರು ಆಚೆ ಮನೆಯ ಪಡಸಾಲೆಯಲ್ಲಿ ಕೂತು ಮಾತಾಡುತ್ತಿದ್ದುದು ಗೋಡೆಯಾಚೆಯಿಂದಲೂ ಕೇಳುತ್ತಿತ್ತು, ಮೊಬೈಲಿನಲ್ಲೂ ಕೇಳಿತು. "ಗಾಡಿ ನಂದು, ಓಡಿಸಿದಾಂವ ನಾನು. ಹೆದ್ದಾರಿಗೆ ಇದರಂಥ ಇಂಜಿನ್ ಇಲ್ಲ, ಅದು ಈಗೂ ಖರೇ. ಆದ್ರ ಏರಿನ ಬಗ್ಗೆ ನಮ್ಮ ತಂಗಿ ಹೇಳಿದ್ದು ಖರೇ ಐತಿ. ಆಕಿ ಇವತ್ತ ಸೇತುವಿ ಮ್ಯಾಲಿಂದ ಎಬ್ಬಿಸಿದ್ದಕ್ಕ ನೀವು ಮಾತಾಡಾಕ ಉಳದೀರಿ."

ಗುಂಪು ಅವತ್ತಿಗೆ ಸುಮ್ಮನಾಯಿತು. ನಾನು ಹೊರಗೆ ಬಂದೆ. ಅವರು ಅಂಗಳದಲ್ಲಿ ಒಂಟಿ ಗಾಡಿಯ ಪಕ್ಕದ ಖಾಲಿ ಜಾಗದಲ್ಲಿ ನಿಂತಿದ್ದರು. ಹೊಸದನ್ನು ಟ್ರ್ಯಾಕ್ಟರಿನಿಂದ ಎಳೆಸಿ ಶೋರೂಮಿಗೆ ಕಳಿಸಿದ್ದರು. ಉಂಡಿರಾ ಎಂದು ಕೇಳಿದೆ. ಇಲ್ಲ ಅಂದರು. ನೆಗೆಣ್ಣಿ ಬಾಗಿಲಲ್ಲಿ ಬಂದು, ಇಬ್ಬರೂ ಬರ್ರಿ, ರೊಟ್ಟಿ ಬಿಸಿ ಇದೆ ಎಂದು ಕರೆದಳು. ಅವತ್ತು ಅವರ ಒಲೆಯ ಮುಂದೆ ಕೂತು ಉಂಡೆವು. ಭಾವ ಎರಡನೆಯ ರೊಟ್ಟಿಗೆ ತಟ್ಟೆ ಚಾಚಿದರು. ನೆಗೆಣ್ಣಿ ನನ್ನ ತಟ್ಟೆಗೂ ಒಂದು ಹಾಕಿದಳು.

ಕಂಪನಿಯ ಇಂಜಿನಿಯರುಗಳು ಬಂದು ಗಾಡಿ ಬಿಚ್ಚಿ ನೋಡಿದರಂತೆ. ಕ್ಲಚ್ಚಿನ ಪೂರ್ತಿ ಜೋಡಣೆ ಬದಲಿಸಿ ಕೊಟ್ಟರು. ಏಕೆ ಬದಲಿಸಿದೆವೆಂದು ಹೇಳಲಿಲ್ಲ. ಈಗ ಮೊದಲಿಗಿಂತ ವಾಸಿ, ಆದರೂ ಆ ಏರಿಗೆ ಭಾವ ಮತ್ತೆ ಆ ಗಾಡಿ ತರಲಿಲ್ಲ. ಕುಷ್ಟಗಿ, ಯಲಬುರ್ಗಾದ ಬಯಲು ಹಾದಿಯ ಬಾಡಿಗೆ ಅವರದು, ತೋಟದ ಹೇರು ನನ್ನದು. ಬುಕ್ ಮಾಡಿದ್ದ ಇಬ್ಬರಲ್ಲಿ ಒಬ್ಬ ಬಿಟ್ಟ, ಇನ್ನೊಬ್ಬ ಬಯಲು ಸೀಮೆಯವನು, ತಂದುಕೊಂಡು ಸುಖವಾಗಿದ್ದಾನೆ. ನಾನು ಹಳೆಯ ವಿಡಿಯೊವನ್ನು ಹಾಗೆಯೇ ಬಿಟ್ಟು, ಹೊಸದೊಂದು ಮಾಡಿದೆ. ಅದರಲ್ಲಿ ಮಾತು ಕಡಿಮೆ. ತುಂಬಿದ ಗಾಡಿ ಏರಿನಲ್ಲಿ ನಿಂತಾಗ ಹಿಂದೆ ಯಾರೂ ನಿಲ್ಲಬಾರದು, ಚಕ್ರಕ್ಕೆ ಕಲ್ಲು ಮೊದಲೇ ಇಟ್ಟಿರಬೇಕು ಎಂದಷ್ಟೇ. ಹೆಚ್ಚು ಜನ ನೋಡಲಿಲ್ಲ.

ಮೊನ್ನೆ ಭಾವನವರ ಗಾಡಿ ಸರ್ವೀಸಿಗೆ ಹೋಗಿತ್ತು. ನನ್ನ ಜೊತೆ ತೋಟಕ್ಕೆ ಬಂದು, ಬರುವಾಗ ತಾವೇ ಓಡಿಸುತ್ತೇನೆಂದರು. ಏರಿನ ನಡುವೆ ಎಮ್ಮೆ ಅಡ್ಡ ಬಂತು. ನಿಲ್ಲಿಸಿದರು, ಕಾದರು, ಎತ್ತಿದರು. ಹಳೆಯ ಇಂಜಿನ್ ಗುರ್ ಎಂದು ನಿಧಾನಕ್ಕೆ ಮೇಲೆ ಬಂತು. ದಂಡೆಗೆ ಬಂದ ಮೇಲೆ ಭುಜ ಉಜ್ಜಿಕೊಳ್ಳುತ್ತಾ, ಇಷ್ಟು ಬಿರುಸಿನ ಸ್ಟೇರಿಂಗನ್ನು ತಾವು ಅಷ್ಟು ವರ್ಷ ಹೇಗೆ ತಿರುಗಿಸಿದರೋ ಎಂದು ಗೊಣಗಿದರು. ನಿಮ್ಮ ಗಾಡಿಗೆ ಸ್ಟೇರಿಂಗ್ ಒಂದೇ ಛಲೋ ಐತ್ರಿ ಅಂದೆ. ಅಲ್ಲಿಂದ ಶುರುವಾದ ವಾದ ಗಂಗಾವತಿ ಮುಟ್ಟಿದರೂ ಮುಗಿಯಲಿಲ್ಲ.